ಜನರ ಒಂದೊಂದು ರೂಪಾಯಿ, ಒಂದು ಡಯಾಲಿಸಿಸ್ ಯಂತ್ರ: ಜೆಪಿ ಬದುಕಿನ ಕೊನೆಯ ನಾಲ್ಕು ವರ್ಷ

ಲಕ್ಕವಳ್ಳಿ: ಮನೆಯಲ್ಲಿ ಒಬ್ಬರಿಗೆ ಡಯಾಲಿಸಿಸ್ ಶುರುವಾಯ್ತು ಅಂದ ಕೂಡಲೇ ಊರಿನ ಮಾತಿನ ಧಾಟಿಯೇ ಬದಲಾಗುತ್ತೆ. ಇನ್ನು ಅವರದ್ದು ಮುಗೀತು ಅಂತ ಅಂಗಡಿ ಕಟ್ಟೆ ಮೇಲೆ ಕೂತವರು ತೀರ್ಮಾನ ಮಾಡಿಬಿಡ್ತಾರೆ. ವ್ಯಾಪಾರ ಮಗನಿಗೆ ವಹಿಸಿ ಮನೇಲಿರಿ ಅಂತಾರೆ. ರೋಗಿಯೂ ಅದನ್ನೇ ನಂಬಿ ಕೈಚೆಲ್ಲಿ ಕೂರ್ತಾರೆ. ಇಂಥವರು ಒಮ್ಮೆ ನೆನಪಿಸಿಕೊಳ್ಳಬೇಕಾದ ಹೆಸರು ಜಯಪ್ರಕಾಶ ನಾರಾಯಣ. ದೇಶದ ಸರ್ಕಾರವನ್ನೇ ಬದಲಿಸಿದ 1977ರ ಚುನಾವಣೆ ಹೊತ್ತಿಗೆ ಅವರಿಗೆ 74 ವರ್ಷ. ಎರಡೂ ಕಿಡ್ನಿ ಕೆಟ್ಟು, ಡಯಾಲಿಸಿಸ್ ಇಲ್ಲದೆ ಬದುಕೇ ಇಲ್ಲ ಅನ್ನೋ ಸ್ಥಿತಿ.

ಜೆಪಿ ಅಂತಲೇ ಹೆಸರಾದ ಅವರು ಹುಟ್ಟಿದ್ದು 1902ರ ಅಕ್ಟೋಬರ್ 11ರಂದು, ಬಿಹಾರದ ಸಿತಾಬ್ ದಿಯಾರಾದಲ್ಲಿ. 1922ರಲ್ಲಿ ಓದಲು ಅಮೆರಿಕಕ್ಕೆ ಹೋದರು. ಮನೆಯಿಂದ ದುಡ್ಡು ಬರುವ ಸ್ಥಿತಿ ಇರಲಿಲ್ಲ. ಹಣ್ಣಿನ ತೋಟದಲ್ಲಿ, ಕಾರ್ಖಾನೆಯಲ್ಲಿ ಕೂಲಿ ಮಾಡಿದರು, ಹೋಟೆಲಲ್ಲಿ ತಟ್ಟೆ ತೊಳೆದರು. ಹಾಗೇ ಎಂ.ಎ. ಮುಗಿಸಿ 1929ರಲ್ಲಿ ವಾಪಸ್ ಬಂದು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. 1942ರ ದೀಪಾವಳಿ ರಾತ್ರಿ ಹಜಾರಿಬಾಗ್ ಜೈಲಿನ ಗೋಡೆ ಹಾರಿ ತಪ್ಪಿಸಿಕೊಂಡಾಗ ದೇಶದ ತುಂಬ ಮನೆಮಾತಾದರು.

ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿಗಿರಿಗೆ ಆಸೆಪಡಲಿಲ್ಲ. 1954ರಲ್ಲಿ ಪಕ್ಷ ರಾಜಕೀಯ ಬಿಟ್ಟು ವಿನೋಬಾ ಭಾವೆಯವರ ಭೂದಾನ ಚಳವಳಿಗೆ ಬದುಕನ್ನೇ ಕೊಟ್ಟರು. 1972ರಲ್ಲಿ ಚಂಬಲ್ ಕಣಿವೆಯ ಡಕಾಯಿತರು ಇವರ ಮಾತು ನಂಬಿ ಬಂದೂಕು ಕೆಳಗಿಟ್ಟರು. ಮರುವರ್ಷ ಪತ್ನಿ ಪ್ರಭಾವತಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಸೇವೆಯಲ್ಲಿ ಆಸ್ಪತ್ರೆ ವಾಸ ಅಂದರೇನು ಅಂತ ಜೆಪಿ ಕಂಡಿದ್ದರು.

ಆಗಲೇ ಅವರ ಆರೋಗ್ಯವೂ ಗಟ್ಟಿ ಇರಲಿಲ್ಲ. ಸಕ್ಕರೆ ಕಾಯಿಲೆ ಇತ್ತು, ಹೃದಯದ ತೊಂದರೆ ಇತ್ತು. 1974ರಲ್ಲಿ ಬಿಹಾರದ ವಿದ್ಯಾರ್ಥಿಗಳು ಚಳವಳಿಗೆ ನಾಯಕರಾಗಿ ಅಂತ ಕರೆದರು. ಅದರ ನಡುವೆಯೇ ವೆಲ್ಲೂರಿಗೆ ಹೋಗಿ ಪ್ರಾಸ್ಟೇಟ್ ಆಪರೇಷನ್ ಮಾಡಿಸಿಕೊಂಡು ಬಂದರು. ಜೂನ್ 5ರಂದು ಪಾಟ್ನಾದ ಗಾಂಧಿ ಮೈದಾನದಲ್ಲಿ ಸಂಪೂರ್ಣ ಕ್ರಾಂತಿಗೆ ಕರೆ ಕೊಟ್ಟರು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಬೆಳಗಾಗುವ ಮೊದಲೇ ದೆಹಲಿಯಲ್ಲಿ ಜೆಪಿ ಬಂಧನವಾಯ್ತು. ಅವರನ್ನು ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ ಬಂದಿಯಾಗಿ ಇಟ್ಟರು. ನವೆಂಬರ್ ಹೊತ್ತಿಗೆ ಸ್ಥಿತಿ ತೀರಾ ಬಿಗಡಾಯಿಸಿತು. ನವೆಂಬರ್ 12ರಂದು ಪೆರೋಲ್ ಮೇಲೆ ಬಿಟ್ಟರು. ಮುಂಬೈನ ಜಸ್ಲೋಕ್ ಆಸ್ಪತ್ರೆಗೆ ಬಂದಾಗ ಗೊತ್ತಾಗಿದ್ದು ಇಷ್ಟೇ: ಕಿಡ್ನಿಗಳು ಇನ್ನು ಕೆಲಸ ಮಾಡೋದಿಲ್ಲ.

ಬಂಧನದಲ್ಲಿದ್ದಾಗ ಇದು ಹೇಗಾಯ್ತು ಅನ್ನೋ ಪ್ರಶ್ನೆ ಆಗಲೇ ಎದ್ದಿತು. ಮುಂದೆ ಜನತಾ ಸರ್ಕಾರ ಅದರ ವಿಚಾರಣೆಯನ್ನು ಕರ್ನಾಟಕದ ವೈದ್ಯ, ರಾಜಕಾರಣಿ ಡಾ. ನಾಗಪ್ಪ ಆಳ್ವ ಅವರಿಗೆ ವಹಿಸಿತ್ತು. ಆದರೆ ಜೆಪಿಗೆ ಆಗ ಮುಂದಿದ್ದದ್ದು ಬೇರೆಯೇ ಪ್ರಶ್ನೆ, ಉಳಿದ ದಿನ ಕಳೆಯೋದು ಹೇಗೆ ಅಂತ.

ಕೆಟ್ಟ ಕಿಡ್ನಿ ಮಾಡಬೇಕಾದ ಕೆಲಸವನ್ನು ಡಯಾಲಿಸಿಸ್ ಯಂತ್ರ ಮಾಡುತ್ತೆ. ಕೈಯ ರಕ್ತನಾಳದಿಂದ ರಕ್ತ ಹೊರಬಂದು, ಫಿಲ್ಟರ್ ಮೂಲಕ ಶುದ್ಧವಾಗಿ ಮತ್ತೆ ಮೈಗೆ ಸೇರುತ್ತೆ. ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ. ಇದನ್ನು ವರ್ಷಗಟ್ಟಲೆ ಮಾಡುವ ದಾರಿ ತೋರಿಸಿದ್ದು ಅಮೆರಿಕದ ಸಿಯಾಟಲ್‌ನ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್, 1960ರಲ್ಲಿ. ಜೆಪಿಗೆ ಕಾಯಿಲೆ ಬಂದಾಗ ಅದಕ್ಕಿನ್ನೂ ಹದಿನೈದೇ ವರ್ಷ. ಭಾರತದಲ್ಲಿ ಯಂತ್ರಗಳೂ ಕಡಿಮೆ, ಅದು ತಿಳಿದ ವೈದ್ಯರೂ ಕಡಿಮೆ. ಜಸ್ಲೋಕ್‌ನಲ್ಲಿ ಡಾ. ಎಂ.ಕೆ. ಮಣಿ ಅವರ ಚಿಕಿತ್ಸೆ ನೋಡಿಕೊಂಡರು. 1977ರಲ್ಲಿ ಜೆಪಿ ಚಿಕಿತ್ಸೆಗಾಗಿ ಸಿಯಾಟಲ್‌ಗೂ ಹೋಗಿ ಬಂದರು.

ಜೆಪಿ ಆಸ್ತಿ ಮಾಡಿದವರಲ್ಲ. ಸ್ವಂತಕ್ಕೆ ಯಂತ್ರ ಕೊಳ್ಳೋದು ಅವರಿಂದ ಆಗುವ ಮಾತಲ್ಲ. ಅವರಿಗಾಗಿ ಜನರೇ ಒಂದೊಂದು ರೂಪಾಯಿ ಕೂಡಿಸಿದರು. ಜೆಪಿಯನ್ನು ಜೈಲಿಗೆ ಹಾಕಿಸಿದ ಇಂದಿರಾ ಗಾಂಧಿಯವರೂ ಪ್ರಧಾನಿ ಪರಿಹಾರ ನಿಧಿಯಿಂದ 90 ಸಾವಿರ ರೂಪಾಯಿ ಕಳಿಸಿದರು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ, ಇತ್ತ ಜೀವದ ಪ್ರಶ್ನೆ. ಆದರೂ ಜೆಪಿ ಆ ಹಣವನ್ನು ಇಟ್ಟುಕೊಳ್ಳದೆ ವಾಪಸ್ ಕಳಿಸಿದರು. ಜನ ಕೊಟ್ಟ ಪುಡಿಗಾಸಿನ ಯಂತ್ರವೇ ಸಾಕು ಅನ್ನೋದು ಅವರ ನಿಲುವು.

1977ರ ಜನವರಿಯಲ್ಲಿ ಚುನಾವಣೆ ಘೋಷಣೆಯಾಯ್ತು. ಚದುರಿದ್ದ ಪಕ್ಷಗಳನ್ನು ಒಂದೇ ಜನತಾ ಪಕ್ಷವಾಗಿ ಸೇರಿಸಿದ್ದೇ ಜೆಪಿ. ಒಂದು ಡಯಾಲಿಸಿಸ್ ಮುಗಿಸಿ, ಇನ್ನೊಂದಕ್ಕೆ ಹಾಸಿಗೆ ಮೇಲೆ ಮಲಗುವುದರೊಳಗೆ ಊರೂರಿಗೆ ಹೋಗಿ ಭಾಷಣ ಮಾಡ್ತಿದ್ದರು. ಮಾರ್ಚ್‌ನಲ್ಲಿ ಜನತಾ ಪಕ್ಷ ಗೆದ್ದಿತು. ಸೋತ ಇಂದಿರಾ ಅವರ ಮನೆಗೆ ಜೆಪಿ ತಾವೇ ಹೋಗಿ ಮಾತಾಡಿಸಿ ಬಂದರು. ತಮಗಾಗಿ ಯಾವ ಹುದ್ದೆಯನ್ನೂ ತಗೊಳ್ಳಲಿಲ್ಲ. ಪಾಟ್ನಾದ ಕದಂ ಕುವಾಂ ಮನೆಗೆ ಹಿಂದಿರುಗಿದರು. ಅಲ್ಲೇ ಡಯಾಲಿಸಿಸ್ ನಡೀತಿತ್ತು.

ಮುಂದಿನ ದಿನಗಳು ಸುಖದ್ದಲ್ಲ. ಕಟ್ಟಿದ ಪಕ್ಷ ಕಣ್ಣೆದುರೇ ಜಗಳಕ್ಕೆ ಬಿತ್ತು. 1978ರ ನವೆಂಬರ್‌ನಲ್ಲಿ ಇಂದಿರಾ ಇದೇ ಚಿಕ್ಕಮಗಳೂರು ಕ್ಷೇತ್ರದಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಮತ್ತೆ ಲೋಕಸಭೆಗೆ ಹೋದರು. ಜೆಪಿ ಅಷ್ಟರಲ್ಲಿ ತೀರಾ ಬಳಲಿದ್ದರು. 1979ರ ಮಾರ್ಚ್‌ನಲ್ಲಿ ಅವರು ತೀರಿಹೋದರು ಅಂತ ತಪ್ಪು ಸುದ್ದಿ ಬಂದು ಲೋಕಸಭೆಯಲ್ಲೇ ಪ್ರಕಟಣೆಯಾಯ್ತು. ಜೆಪಿ ಇನ್ನೂ ಬದುಕಿದ್ದರು. ಅಕ್ಟೋಬರ್ 8ರಂದು, 77ನೇ ಹುಟ್ಟುಹಬ್ಬಕ್ಕೆ ಮೂರು ದಿನ ಇದ್ದಾಗ ಪಾಟ್ನಾದಲ್ಲಿ ಕೊನೆಯುಸಿರೆಳೆದರು. 1999ರಲ್ಲಿ ಭಾರತ ರತ್ನ ಬಂತು.

ಯಂತ್ರ ಅವರ ಕಿಡ್ನಿಯನ್ನು ಸರಿಮಾಡಲಿಲ್ಲ, ನಾಲ್ಕು ವರ್ಷ ಹತ್ತಿರದ ಕಾಲ ಕೊಟ್ಟಿತು. ಆ ಕಾಲವನ್ನು ಜೆಪಿ ದುಡಿಸಿಕೊಂಡರು.

ಅವತ್ತು ದೇಶದ ದೊಡ್ಡ ನಾಯಕನಿಗೂ ಸುಲಭಕ್ಕೆ ಸಿಗದಿದ್ದ ಯಂತ್ರ ಇವತ್ತು ಜಿಲ್ಲಾಸ್ಪತ್ರೆಗಳಿಗೆ, ಎಷ್ಟೋ ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿದೆ. ಬಡ ರೋಗಿಗಳಿಗೆ ಉಚಿತವಾಗಿ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಶುರುವಾಯ್ತು. ಆದರೂ ಸ್ವಲ್ಪ ಹುಷಾರಾದ ಕೂಡಲೇ ಒಂದೆರಡು ಸಲ ತಪ್ಪಿಸುವವರು, ನಾಟಿ ಔಷಧಿ ನಂಬಿ ನಿಲ್ಲಿಸುವವರು ಇದ್ದಾರೆ. ತಪ್ಪಿಸಿದರೆ ಮೈಯಲ್ಲಿ ನೀರು, ವಿಷ ತುಂಬಿಕೊಂಡು ಜೀವಕ್ಕೇ ಅಪಾಯ. ಉಪ್ಪು, ನೀರು ಲೆಕ್ಕದಲ್ಲಿರಬೇಕು. ತೆಂಗಿನ ಸೀಮೆಯವರು ಇನ್ನೊಂದು ಗಮನದಲ್ಲಿಡಬೇಕು. ರೋಗಿಗೆ ತಂಪಾಗಲಿ ಅಂತ ಪ್ರೀತಿಯಿಂದ ಕೊಡುವ ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಟ್ಟವರಿಗೆ ಅದು ಹೃದಯವನ್ನೇ ನಿಲ್ಲಿಸಬಹುದು.

ಕಾಯಿಲೆ ಬರುವ ಮೊದಲೇ ತಡೆಯೋದು ಇನ್ನೂ ಸಲೀಸು. ಕಿಡ್ನಿ ಮುಕ್ಕಾಲು ಪಾಲು ಕೆಡುವವರೆಗೂ ಎಷ್ಟೋ ಜನರಿಗೆ ನೋವೇ ಗೊತ್ತಾಗೋದಿಲ್ಲ. ಬೆಳಗ್ಗಿನಿಂದ ರಾತ್ರಿವರೆಗೆ ಗಲ್ಲಾ ಮುಂದೆ ಕೂರುವವರು, ಶುಗರ್, ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ನೋಡಿಸಬೇಕು. ಸೊಂಟನೋವು, ಮಂಡಿನೋವಿಗೆ ಡಾಕ್ಟರನ್ನು ಕೇಳದೆ ದಿನಾ ಮಾತ್ರೆ ನುಂಗೋದು ಬಿಡಬೇಕು. ಈ ಎರಡು ಪರೀಕ್ಷೆಗೆ ಬೇಕಾಗೋದು ಒಂದು ಸಿರಿಂಜ್ ರಕ್ತ, ಒಂದು ಸಣ್ಣ ಡಬ್ಬಿ ಮೂತ್ರ, ಅಂಗಡಿ ಬಾಗಿಲು ಅರ್ಧ ಗಂಟೆ ತಡವಾಗಿ ತೆಗೆಯುವ ಮನಸ್ಸು.