ಎರಡು ಶೂ ಬಾಕ್ಸ್ ಹಿಡಿದು ಊರು ಬಿಟ್ಟ ಹುಡುಗ ಟಿವಿಗೆ ಕ್ರಿಸ್‌ಮಸ್ ತಂದ! ಇದು 'ಹಾಲ್‌ಮಾರ್ಕ್' ಜಾಯ್ಸ್ ಹಾಲ್ ಬದುಕಿನ ಕಥೆ

ಡಿಸೆಂಬರ್ ಬಂತೆಂದರೆ ಸಾಕು, ಅಮೆರಿಕದ ಟಿವಿಗಳಲ್ಲಿ ಒಂದೇ ಬಗೆಯ ಸಿನಿಮಾಗಳ ಸುರಿಮಳೆ ಶುರುವಾಗುತ್ತದೆ. ಹಿಮ ಬೀಳುವ ಪುಟ್ಟ ಊರು. ದೊಡ್ಡ ನಗರದ ಕೆಲಸ ಬಿಟ್ಟು ಹಬ್ಬಕ್ಕೆ ಮನೆಗೆ ಬರುವ ಮಗಳು. ಇಂದೋ ನಾಳೆಯೋ ಬಾಗಿಲು ಮುಚ್ಚಲಿರುವ ಅಪ್ಪನ ಬೇಕರಿ. ಕೊನೆಗೆ ಊರಿನವರೆಲ್ಲ ಕೈಜೋಡಿಸಿ ಅದನ್ನು ಉಳಿಸುತ್ತಾರೆ, ಮುರಿದ ಸಂಬಂಧ ಕೂಡುತ್ತದೆ, ನೋಡುವವರ ಕಣ್ಣು ಒದ್ದೆಯಾಗುತ್ತದೆ. ಕಥೆ ಹೀಗೇ ಮುಗಿಯುತ್ತದೆ ಎಂದು ಗೊತ್ತಿದ್ದೂ ಕೋಟ್ಯಂತರ ಜನ ಪ್ರತಿ ವರ್ಷ ಟಿವಿ ಮುಂದೆ ಕೂರುತ್ತಾರೆ.

ಇಂಥ ಸಿನಿಮಾಗಳಿಗೆ ಅಲ್ಲಿ ಒಂದೇ ಹೆಸರು: ಹಾಲ್‌ಮಾರ್ಕ್. ನಮ್ಮಲ್ಲಿ ಹಾಲ್‌ಮಾರ್ಕ್ ಎಂದರೆ ಒಡವೆ ಅಂಗಡಿ ನೆನಪಾಗುತ್ತದೆ. ಅಮೆರಿಕದಲ್ಲಿ ಮಾತ್ರ ಶುಭಾಶಯ ಪತ್ರ ಮತ್ತು ಕ್ರಿಸ್‌ಮಸ್ ಸಿನಿಮಾ ನೆನಪಾಗುತ್ತವೆ. ಈ ಹೆಸರಿನ ಹಿಂದೆ ಇದ್ದವರು ಜಾಯ್ಸ್ ಕ್ಲೈಡ್ ಹಾಲ್. ಹೆಸರು ಕೇಳಿ ಹೆಣ್ಣುಮಗಳು ಎಂದುಕೊಳ್ಳಬೇಡಿ. ಬಾಲ್ಯದಿಂದ ಆ ತಪ್ಪು ತಿಳಿವಳಿಕೆಯನ್ನು ಸಹಿಸಿಕೊಂಡೇ ಬೆಳೆದ ಗಂಡುಮಗ ಈತ. ಕುಟುಂಬದ ಬೆಚ್ಚನೆಯ ಕಥೆಗಳಿಗೆ ತನ್ನ ಹೆಸರು ಕೊಟ್ಟ ಈ ಮನುಷ್ಯನ ಸ್ವಂತ ಬಾಲ್ಯ ಮಾತ್ರ ಬೆಚ್ಚಗಿರಲಿಲ್ಲ.

ಅಪ್ಪನಿಲ್ಲದ ಮನೆ

ಜಾಯ್ಸ್ ಹುಟ್ಟಿದ್ದು 1891ರ ಆಗಸ್ಟ್ 29ರಂದು, ನೆಬ್ರಾಸ್ಕಾ ರಾಜ್ಯದ ಡೇವಿಡ್ ಸಿಟಿ ಎಂಬ ಸಣ್ಣ ಊರಿನಲ್ಲಿ. ಊರಿಗೆ ಬಂದಿದ್ದ ಮೆಥೋಡಿಸ್ಟ್ ಬಿಷಪ್ ಐಸಾಕ್ ಜಾಯ್ಸ್ ಅವರ ಮೇಲಿನ ಗೌರವಕ್ಕೆ ಮಗುವಿಗೆ ಆ ಹೆಸರಿಟ್ಟರು. ಶಾಲೆಯಲ್ಲಿ ಗೇಲಿಗೆ ಒಳಗಾದ ಹುಡುಗ ದೊಡ್ಡವನಾದ ಮೇಲೆ ಜೆ.ಸಿ. ಎಂಬ ಇನಿಷಿಯಲ್‌ನಲ್ಲೇ ಗುರುತಿಸಿಕೊಳ್ಳಲು ಇಷ್ಟಪಟ್ಟ.

ಅಪ್ಪ ಊರೂರು ಅಲೆಯುವ ಧರ್ಮಬೋಧಕ. ಮಕ್ಕಳು ಇನ್ನೂ ಸಣ್ಣವರಿದ್ದಾಗಲೇ ಸಂಸಾರವನ್ನು ಕೈಬಿಟ್ಟ. ಅಮ್ಮನಿಗೆ ಆರೋಗ್ಯವಿಲ್ಲ. ಮನೆ ನಡೆಸುವ ಹೊಣೆ ರಾಲಿ, ವಿಲಿಯಂ ಮತ್ತು ಎಲ್ಲರಿಗಿಂತ ಚಿಕ್ಕವನಾದ ಜಾಯ್ಸ್, ಈ ಮೂವರು ಅಣ್ಣತಮ್ಮಂದಿರ ಹೆಗಲಿಗೆ ಬಿತ್ತು. ಎಂಟು-ಒಂಬತ್ತನೇ ವಯಸ್ಸಿಗೇ ಜಾಯ್ಸ್ ಮನೆ ಮನೆ ಬಾಗಿಲು ತಟ್ಟಿ ಸೆಂಟು, ಸೋಪು ಮಾರಲು ಹೊರಟ. ಆತ ಮಾರಿದ್ದು ಕ್ಯಾಲಿಫೋರ್ನಿಯಾ ಪರ್ಫ್ಯೂಮ್ ಕಂಪನಿಯ ಸರಕು. ಮುಂದೆ ಏವನ್ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಯವಾದದ್ದು ಇದೇ ಕಂಪನಿ.

ಅಣ್ಣಂದಿರು ನಾರ್ಫೋಕ್ ಎಂಬ ಊರಿನಲ್ಲಿ ಪುಸ್ತಕದಂಗಡಿ ಹಾಕಿದಾಗ ಜಾಯ್ಸ್ ಅಲ್ಲೂ ದುಡಿದ. ಯುರೋಪಿನಿಂದ ಬರುತ್ತಿದ್ದ ಬಣ್ಣದ ಪಿಕ್ಚರ್ ಪೋಸ್ಟ್‌ಕಾರ್ಡ್‌ಗಳಿಗೆ ಆಗ ಎಲ್ಲಿಲ್ಲದ ಬೇಡಿಕೆ. ಹದಿಹರೆಯದ ಜಾಯ್ಸ್ ಅಣ್ಣಂದಿರನ್ನು ಒಪ್ಪಿಸಿ, ಮೂವರ ಉಳಿತಾಯ ಒಟ್ಟುಗೂಡಿಸಿ ಪೋಸ್ಟ್‌ಕಾರ್ಡ್ ವ್ಯಾಪಾರಕ್ಕೆ ಕೈಹಾಕಿದ. ಆದರೆ ಆ ಸಣ್ಣ ಊರು ಅವನ ಕನಸಿಗೆ ಸಾಲಲಿಲ್ಲ.

ಹಾಸಿಗೆ ಕೆಳಗೆ ಗೋದಾಮು!

1910ರ ಜನವರಿ. ಹದಿನೆಂಟರ ಹುಡುಗ ಮಿಸೌರಿಯ ಕಾನ್ಸಾಸ್ ಸಿಟಿಯಲ್ಲಿ ರೈಲಿನಿಂದ ಇಳಿದ. ಕೈಯಲ್ಲಿದ್ದದ್ದು ಪೋಸ್ಟ್‌ಕಾರ್ಡ್ ತುಂಬಿದ ಎರಡು ಶೂ ಬಾಕ್ಸ್. ಹೈಸ್ಕೂಲು ಓದು ಕೂಡ ಪೂರ್ತಿಯಾಗಿರಲಿಲ್ಲ. ವೈಎಂಸಿಎಯಲ್ಲಿ ಒಂದು ಪುಟ್ಟ ಕೋಣೆ ಹಿಡಿದ. ಅದೇ ಮನೆ, ಅದೇ ಆಫೀಸು. ಹಾಸಿಗೆಯ ಕೆಳಗಿನ ಜಾಗವೇ ಗೋದಾಮು.

ಅಂಗಡಿ ಅಂಗಡಿ ಸುತ್ತಲು ಹಣವಿಲ್ಲ. ಹಾಗಾಗಿ ಒಂದು ಧೈರ್ಯದ ಕೆಲಸ ಮಾಡಿದ. ನೂರು ನೂರು ಕಾರ್ಡ್‌ಗಳ ಪೊಟ್ಟಣ ಕಟ್ಟಿ, ಬಿಲ್ ಸಮೇತ ಸುತ್ತಲಿನ ರಾಜ್ಯಗಳ ವ್ಯಾಪಾರಿಗಳಿಗೆ ಅಂಚೆಯಲ್ಲಿ ಕಳಿಸಿಬಿಟ್ಟ. ಅವರು ಯಾರೂ ಕಾರ್ಡ್ ಕೇಳಿರಲಿಲ್ಲ! ಕೆಲವರು ಸಿಟ್ಟಿನಿಂದ ಪೊಟ್ಟಣ ವಾಪಸ್ ಕಳಿಸಿದರು. ಕೆಲವರು ಕಾರ್ಡ್ ಇಟ್ಟುಕೊಂಡು ಹಣ ಕೊಡಲಿಲ್ಲ. ಆದರೆ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಚೆಕ್ ಕಳಿಸಿದರು. ಕೆಲವೇ ತಿಂಗಳಲ್ಲಿ ಜಾಯ್ಸ್ ಕೈಯಲ್ಲಿ 200 ಡಾಲರ್ ಲಾಭವಿತ್ತು. ಮರುವರ್ಷ ಅಣ್ಣ ರಾಲಿ ಬಂದು ಸೇರಿಕೊಂಡ. ಹಾಲ್ ಬ್ರದರ್ಸ್ ಹುಟ್ಟಿತು.

ಎಲ್ಲವೂ ಚೆನ್ನಾಗಿದೆ ಎನ್ನುವಾಗ ಜಾಯ್ಸ್‌ಗೆ ಒಂದು ಅನುಮಾನ ಶುರುವಾಯಿತು. ಪೋಸ್ಟ್‌ಕಾರ್ಡ್ ಒಂದು ಗೀಳು, ಬೇಗ ಇಳಿಯುತ್ತದೆ. ಅಂಚೆಯವನಿಂದ ಹಿಡಿದು ಮನೆಯವರೆಲ್ಲ ಓದಬಹುದಾದ ತೆರೆದ ಕಾರ್ಡಿನಲ್ಲಿ ಯಾರೂ ಮನಸ್ಸಿನ ಮಾತು ಬರೆಯುವುದಿಲ್ಲ. ಅದಕ್ಕೆ ಲಕೋಟೆ ಬೇಕು. ಹೀಗೆ ಕ್ರಿಸ್‌ಮಸ್ ಮತ್ತು ವ್ಯಾಲೆಂಟೈನ್ ಶುಭಾಶಯ ಪತ್ರಗಳತ್ತ ವ್ಯಾಪಾರ ಹೊರಳಿತು.

ಬೆಂಕಿ, ಸಾಲ ಮತ್ತು ಒಂದು ಅದೃಷ್ಟ

1915ರ ಜನವರಿ 11. ವ್ಯಾಲೆಂಟೈನ್ ಸೀಸನ್‌ಗೆಂದು ತರಿಸಿಟ್ಟಿದ್ದ ಸರಕಿನ ಸಮೇತ ಅಂಗಡಿ ಬೆಂಕಿಗೆ ಆಹುತಿಯಾಯಿತು. ಅಣ್ಣತಮ್ಮಂದಿರ ತಲೆ ಮೇಲೆ ಉಳಿದದ್ದು 17,000 ಡಾಲರ್ ಸಾಲ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಬಾಗಿಲು ಮುಚ್ಚಿ ಊರಿಗೆ ಮರಳುವುದು ಸುಲಭದ ದಾರಿಯಾಗಿತ್ತು. ಜಾಯ್ಸ್ ಮತ್ತು ರಾಲಿ ಮತ್ತಷ್ಟು ಸಾಲ ಮಾಡಿ ಅಚ್ಚಿನ ಯಂತ್ರಗಳಿದ್ದ ಒಂದು ಎನ್‌ಗ್ರೇವಿಂಗ್ ಕಂಪನಿಯನ್ನೇ ಕೊಂಡರು. ಬೇರೆಯವರ ಕಾರ್ಡ್ ಮಾರುತ್ತಿದ್ದವರು ತಮ್ಮದೇ ಕಾರ್ಡ್ ಮುದ್ರಿಸತೊಡಗಿದರು.

ಎರಡು ವರ್ಷಗಳ ನಂತರ, 1917ರ ಕ್ರಿಸ್‌ಮಸ್‌ಗೆ ಮುನ್ನ ಅಂಗಡಿಯಲ್ಲಿ ಉಡುಗೊರೆ ಸುತ್ತುವ ತೆಳು ಟಿಶ್ಯೂ ಕಾಗದ ಖಾಲಿಯಾಯಿತು. ಗ್ರಾಹಕರು ಸಾಲುಗಟ್ಟಿ ನಿಂತಿದ್ದಾರೆ. ಲಕೋಟೆಯ ಒಳಗೆ ಅಂಟಿಸಲು ಫ್ರಾನ್ಸ್‌ನಿಂದ ತರಿಸಿದ್ದ ಚಿತ್ತಾರದ ಕಾಗದವನ್ನು ರಾಲಿ ತಂದು ಕೌಂಟರ್ ಮೇಲಿಟ್ಟ. ಹಾಳೆಗೆ 10 ಸೆಂಟ್. ನೋಡನೋಡುತ್ತಿದ್ದಂತೆ ಖಾಲಿ! ಮರುವರ್ಷವೂ ಅದೇ ಕಥೆ. ಆಮೇಲೆ ಅಂಥ ಕಾಗದವನ್ನು ತಾವೇ ತಯಾರಿಸಲು ಶುರು ಮಾಡಿದರು. ಇಂದು ಹುಟ್ಟುಹಬ್ಬಕ್ಕೆ ನಾವು ನೀವು ಪರಪರನೆ ಹರಿದು ಎಸೆಯುವ ಬಣ್ಣದ ಗಿಫ್ಟ್ ರ‍್ಯಾಪ್ ಉದ್ಯಮವಾಗಿ ಬೆಳೆದದ್ದು ಹೀಗೆ.

ಚಿನ್ನದ ಮುದ್ರೆ, ಮನೆತನದ ಹೆಸರು

1921ರಲ್ಲಿ ಜಾಯ್ಸ್ ಮದುವೆ ಎಲಿಜಬೆತ್ ಡಿಲ್ಡೇ ಜೊತೆ ನಡೆಯಿತು. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಅದೇ ವರ್ಷ ಇನ್ನೊಬ್ಬ ಅಣ್ಣ ವಿಲಿಯಂ ಕೂಡ ಕಂಪನಿ ಸೇರಿದ. ಬಾಲ್ಯದಲ್ಲಿ ಒಟ್ಟಿಗೆ ಮನೆ ನಡೆಸಿದ ಮೂವರು ಮತ್ತೆ ಒಂದಾದರು.

1928ರಲ್ಲಿ ಕಾರ್ಡ್‌ಗಳ ಬೆನ್ನಿನ ಮೇಲೆ ಹಾಲ್‌ಮಾರ್ಕ್ ಎಂಬ ಹೆಸರು ಬಂತು. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ಅಕ್ಕಸಾಲಿಗರು ಚಿನ್ನದ ಶುದ್ಧತೆಗೆ ಒತ್ತುತ್ತಿದ್ದ ಮುದ್ರೆಯ ಹೆಸರದು. ಗುಣಮಟ್ಟದ ಭರವಸೆಯೂ ಆಯಿತು, ಅದರೊಳಗೆ ತಮ್ಮ ಮನೆತನದ ಹೆಸರೂ ಇತ್ತು. ಒಂದೇ ಕಲ್ಲಿಗೆ ಎರಡು ಹಕ್ಕಿ!

ಆ ಭರವಸೆ ಬರೀ ಹೆಸರಿನಲ್ಲಿ ಇರಲಿಲ್ಲ. ದಶಕಗಳ ಕಾಲ ಹೊಸ ಕಾರ್ಡ್‌ಗಳು ಮಾರುಕಟ್ಟೆಗೆ ಹೋಗುವ ಮುನ್ನ ಜೆ.ಸಿ. ಕಣ್ಣ ಮುಂದೆ ಹಾದುಹೋಗಬೇಕಿತ್ತು. ಚಿತ್ರ, ಬಣ್ಣ, ಪದ, ಎಲ್ಲವನ್ನೂ ನೋಡಿ ಒಪ್ಪಿಗೆ ಕೊಡುತ್ತಿದ್ದರು. 1932ರಲ್ಲಿ ವಾಲ್ಟ್ ಡಿಸ್ನಿ ಜೊತೆ ಒಪ್ಪಂದವಾಗಿ ಮಿಕ್ಕಿ ಮೌಸ್ ಕಾರ್ಡ್ ಮೇಲೆ ಬಂದ. 1950ರ ಹೊತ್ತಿಗೆ ವಿನ್‌ಸ್ಟನ್ ಚರ್ಚಿಲ್ ಬಿಡಿಸಿದ ಚಿತ್ರಗಳೂ ಹಾಲ್‌ಮಾರ್ಕ್ ಕ್ರಿಸ್‌ಮಸ್ ಕಾರ್ಡ್‌ಗಳಾದವು.

ಆ ಒಂದು ಕ್ರಿಸ್‌ಮಸ್ ರಾತ್ರಿ

ಈಗ ಬರೋಣ ಟಿವಿ ಕಥೆಗೆ. 1951ರಲ್ಲಿ ಅಮೆರಿಕದ ಮನೆಗಳಿಗೆ ಟಿವಿ ಇನ್ನೂ ಹೊಸ ನೆಂಟ. ಎನ್‌ಬಿಸಿ ವಾಹಿನಿ ಇಟಲಿ ಮೂಲದ ಸಂಗೀತಗಾರ ಜಾನ್ ಕಾರ್ಲೊ ಮೆನೋಟಿ ಅವರಿಗೆ ಟಿವಿಗೆಂದೇ ಒಂದು ಸಂಗೀತ ನಾಟಕ ಬರೆಯಲು ಹೇಳಿತ್ತು. ಹಬ್ಬ ಹತ್ತಿರ ಬಂದರೂ ಮೆನೋಟಿಗೆ ಕಥೆ ಹೊಳೆದಿರಲಿಲ್ಲ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಬಾಲ ಯೇಸುವಿಗೆ ಮೂವರು ಅರಸರು ಉಡುಗೊರೆ ಅರ್ಪಿಸುವ ಹಳೆಯ ಚಿತ್ರದ ಮುಂದೆ ನಿಂತಾಗ ತನ್ನ ಬಾಲ್ಯ ನೆನಪಾಯಿತು. ಕುಂಟುತ್ತಿದ್ದ ತನ್ನ ಕಾಲು ಗುಣವಾದದ್ದೂ ನೆನಪಾಯಿತು. ಹೀಗೆ ಹುಟ್ಟಿದ್ದು ಅಮಾಲ್ ಆ್ಯಂಡ್ ದ ನೈಟ್ ವಿಸಿಟರ್ಸ್.

ಕಥೆ ಸರಳ. ಊರುಗೋಲಿನ ಆಸರೆಯಲ್ಲಿ ನಡೆಯುವ ಬಡ ಹುಡುಗ ಅಮಾಲ್. ಗಂಡನಿಲ್ಲದ ತಾಯಿ. ಒಂದು ರಾತ್ರಿ ನಕ್ಷತ್ರವನ್ನು ಹಿಂಬಾಲಿಸುತ್ತಾ ಬಂದ ಮೂವರು ಅರಸರು ಅವರ ಗುಡಿಸಲಿನಲ್ಲಿ ತಂಗುತ್ತಾರೆ. ಎಲ್ಲರೂ ಮಲಗಿದ ಮೇಲೆ, ಕಂಡರಿಯದ ಯಾವುದೋ ಮಗುವಿಗೆ ಹೋಗಲಿರುವ ಚಿನ್ನ ತಾಯಿಯ ಕಣ್ಣು ಕುಕ್ಕುತ್ತದೆ. ಹಸಿದ ನನ್ನ ಮಗುವಿಗೆ ಯಾಕಿಲ್ಲ ಎಂಬ ಸಂಕಟದಲ್ಲಿ ಕೈ ಚಾಚುತ್ತಾಳೆ. ಸಿಕ್ಕಿಬೀಳುತ್ತಾಳೆ. ಅರಸರು ಶಿಕ್ಷಿಸುವುದಿಲ್ಲ, ಚಿನ್ನವನ್ನು ಇಟ್ಟುಕೊಳ್ಳಲು ಹೇಳುತ್ತಾರೆ. ಆಗ ತಾಯಿ ಅದನ್ನು ಹಿಂದಿರುಗಿಸುತ್ತಾಳೆ. ತಾನೂ ಆ ಮಗುವಿಗೆ ಏನಾದರೂ ಕಳಿಸಬೇಕು ಅನಿಸುತ್ತದೆ, ಆದರೆ ಮನೆಯಲ್ಲಿ ಏನೂ ಇಲ್ಲ. ಅಮಾಲ್ ತನ್ನ ಊರುಗೋಲನ್ನೇ ಕೊಡಲು ಮುಂದಾಗುತ್ತಾನೆ. ಕೊಟ್ಟ ಕ್ಷಣ ಅವನ ಕಾಲು ನಡೆಯುತ್ತದೆ.

ಇದಕ್ಕೆ ಪ್ರಾಯೋಜಕರಾಗಿ ಬಂದವರು ಜಾಯ್ಸ್ ಹಾಲ್. ಪ್ರಸಾರ ಡಿಸೆಂಬರ್ 24ರ ರಾತ್ರಿ, ನ್ಯೂಯಾರ್ಕ್ ಸ್ಟುಡಿಯೋದಿಂದ ನೇರಪ್ರಸಾರ. ವ್ಯಾಪಾರಿ ಲೆಕ್ಕದಲ್ಲಿ ಇದು ದಡ್ಡತನ. ಆ ಹೊತ್ತಿಗೆ ಕ್ರಿಸ್‌ಮಸ್ ಕಾರ್ಡ್ ಕೊಳ್ಳುವವರು ಕೊಂಡಾಗಿರುತ್ತದೆ, ಕಳಿಸುವವರು ಕಳಿಸಿ ಆಗಿರುತ್ತದೆ. ಆದರೂ ದುಡ್ಡು ಹಾಕಿದರು. ಆ ವರ್ಷ ಕಾರ್ಡ್ ಕೊಂಡವರಿಗೆ ಅದು ಒಂದು ಧನ್ಯವಾದದಂತಿತ್ತು.

ಟಿವಿಗಾಗಿಯೇ ಬರೆದ ಮೊದಲ ಒಪೆರಾ ಎಂಬ ಹೆಗ್ಗಳಿಕೆ ಅದಕ್ಕೆ ಸಿಕ್ಕಿತು. ಮುಂದಿನ ಅನೇಕ ಕ್ರಿಸ್‌ಮಸ್‌ಗಳಲ್ಲಿ ಮತ್ತೆ ಮತ್ತೆ ಪ್ರಸಾರವಾಯಿತು. ಗಮನಿಸಿ, ಅಪ್ಪನಿಲ್ಲದ ಮನೆ, ಕಷ್ಟದಲ್ಲಿರುವ ತಾಯಿ, ಹೊಣೆ ಹೊರುವ ಹುಡುಗ. ನೆಬ್ರಾಸ್ಕಾದ ಆ ಮನೆಯನ್ನು ಬಲ್ಲವರಿಗೆ ಈ ಗುಡಿಸಲು ಅಪರಿಚಿತವಾಗಿ ಕಾಣುವುದಿಲ್ಲ.

ರೇಟಿಂಗ್‌ಗಿಂತ ರುಚಿ ಮುಖ್ಯ

ಆ ರಾತ್ರಿಯಿಂದ ಶುರುವಾದದ್ದೇ ಹಾಲ್‌ಮಾರ್ಕ್ ಹಾಲ್ ಆಫ್ ಫೇಮ್ ಸರಣಿ. 1953ರಲ್ಲಿ ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ಎರಡು ಗಂಟೆಗಳ ಕಾಲ ಅಮೆರಿಕದ ಡ್ರಾಯಿಂಗ್ ರೂಮ್‌ಗಳಿಗೆ ಬಂತು. ಹೆಚ್ಚು ಜನ ನೋಡುವ ಅಗ್ಗದ ಕಾರ್ಯಕ್ರಮಕ್ಕೆ ಹಣ ಹಾಕುವುದು ಜೆ.ಸಿ.ಗೆ ಬೇಕಿರಲಿಲ್ಲ. ಕಡಿಮೆ ಜನ ನೋಡಿದರೂ ಮನೆಮಂದಿಯೆಲ್ಲ ಮುಜುಗರವಿಲ್ಲದೆ ಕುಳಿತು ನೋಡುವಂತಿರಬೇಕು ಎಂಬುದು ಅವರ ಹಟ. 1961ರಲ್ಲಿ ಟಿವಿ ಅಕಾಡೆಮಿ ಹಾಲ್‌ಮಾರ್ಕ್‌ಗೆ ಎಮ್ಮಿ ಪ್ರಶಸ್ತಿ ಕೊಟ್ಟಿತು. ಪ್ರಾಯೋಜಕರೊಬ್ಬರಿಗೆ ಎಮ್ಮಿ ಸಿಕ್ಕಿದ್ದು ಅದೇ ಮೊದಲು.

ಔದಾರ್ಯ ಪರದೆಯ ಮೇಲಷ್ಟೇ ಇತ್ತೇ? ಪ್ರಶ್ನೆ ಸಹಜ. ಭಾವನೆಗೆ ಬೆಲೆಚೀಟಿ ಅಂಟಿಸಿದವರು, ಪ್ರೀತಿಯ ಮಾತನ್ನೂ ರೆಡಿಮೇಡ್ ಮಾಡಿದವರು ಎಂಬ ಟೀಕೆ ಕಾರ್ಡ್ ಉದ್ಯಮದ ಬೆನ್ನಿಗೆ ಸದಾ ಇತ್ತು. ಅದರಲ್ಲಿ ಸುಳ್ಳೇನೂ ಇಲ್ಲ. ಹಾಗೆಯೇ, 1943ರಲ್ಲಿ ಕುಟುಂಬದ ಹೆಸರಿನಲ್ಲಿ ಸೇವಾ ಪ್ರತಿಷ್ಠಾನ ಸ್ಥಾಪಿಸಿದ್ದೂ, 1956ರಲ್ಲಿ ನೌಕರರಿಗೆ ಲಾಭದಲ್ಲಿ ಪಾಲು ಕೊಡುವ ಯೋಜನೆ ತಂದದ್ದೂ ನಿಜ.

ಕೊನೆಯ ದಿನಗಳ ಕರಿನೆರಳು

1966ರಲ್ಲಿ ಜೆ.ಸಿ. ಕಂಪನಿಯ ಹೊಣೆಯನ್ನು ಮಗ ಡೊನಾಲ್ಡ್‌ಗೆ ವಹಿಸಿದರು. ಕಚೇರಿ ಸುತ್ತಲಿನ ಪಾಳುಬಿದ್ದ ಪ್ರದೇಶವನ್ನು ಕ್ರೌನ್ ಸೆಂಟರ್ ಎಂಬ ಹೊಸ ಬಡಾವಣೆಯಾಗಿಸುವುದು ಅಪ್ಪ-ಮಗನ ದೊಡ್ಡ ಕನಸು. ಶೂ ಬಾಕ್ಸ್ ಹಿಡಿದು ಬಂದ ಹುಡುಗನನ್ನು ಸಾಕಿದ ಊರಿಗೆ ಮರಳಿ ಕೊಟ್ಟ ಕಾಣಿಕೆಯದು.

ಆದರೆ 1981ರ ಜುಲೈ 17ರ ಸಂಜೆ ಅಲ್ಲಿನ ಹಯಾತ್ ರೀಜೆನ್ಸಿ ಹೋಟೆಲಿನ ಸಭಾಂಗಣದಲ್ಲಿ ನೃತ್ಯ ಕೂಟ ನಡೆಯುತ್ತಿದ್ದಾಗ ಮೇಲಿನ ತೂಗು ಸೇತುವೆಗಳು ಕುಸಿದವು. 114 ಮಂದಿ ಸತ್ತರು. ಸೇತುವೆಯನ್ನು ಹಿಡಿದಿದ್ದ ಉಕ್ಕಿನ ಸರಳುಗಳ ವಿನ್ಯಾಸ ಬದಲಿಸಿದ್ದೇ ಕಾರಣವೆಂದು ತನಿಖೆ ಹೇಳಿತು. ಹೋಟೆಲ್ ಹಾಲ್‌ಮಾರ್ಕ್‌ನ ಅಂಗಸಂಸ್ಥೆಯದ್ದಾಗಿತ್ತು. ಜೆ.ಸಿ.ಗೆ ಆಗ 89 ವರ್ಷ. ಊರಿಗೆ ಊರೇ ಶೋಕದಲ್ಲಿ ಮುಳುಗಿದ್ದನ್ನು ಬದುಕಿನ ಕೊನೆಯಲ್ಲಿ ಅವರು ಕಾಣಬೇಕಾಯಿತು. ಮರುವರ್ಷ, 1982ರ ಅಕ್ಟೋಬರ್ 29ರಂದು, 91ನೇ ವಯಸ್ಸಿನಲ್ಲಿ ಕಾನ್ಸಾಸ್ ರಾಜ್ಯದ ಲೀವುಡ್‌ನಲ್ಲಿ ತೀರಿಕೊಂಡರು.

ಅವರು ಕಾಣದ ಸಿನಿಮಾಗಳು

ಹಾಲ್‌ಮಾರ್ಕ್ ಚಾನೆಲ್ ಶುರುವಾದದ್ದು 2001ರಲ್ಲಿ, ಅವರು ತೀರಿಕೊಂಡು ಸುಮಾರು ಎರಡು ದಶಕಗಳ ಮೇಲೆ. 2009ರಿಂದ ಕ್ರಿಸ್‌ಮಸ್‌ಗೆ ವಾರಗಳ ಮೊದಲೇ ಸಿನಿಮಾ ಹಬ್ಬ ಶುರುವಾಗುವ ಪದ್ಧತಿ ಬಂತು. ಕೆಲವು ವರ್ಷ 40ರ ಹತ್ತಿರ ಹೊಸ ಸಿನಿಮಾಗಳು! ಎಷ್ಟೋ ಚಿತ್ರಗಳನ್ನು ಕೆನಡಾದಲ್ಲಿ ಬೇಸಿಗೆಯ ಬಿಸಿಲಲ್ಲೇ ಕೃತಕ ಹಿಮ ಹರಡಿ ಶೂಟ್ ಮಾಡುತ್ತಾರೆ. ಸ್ವೆಟರ್ ತೊಟ್ಟ ನಾಯಕ-ನಾಯಕಿ ಬೆವರು ಒರೆಸಿಕೊಳ್ಳುತ್ತಾ ಚಳಿಯಲ್ಲಿ ನಡುಗುವ ನಟನೆ ಮಾಡಬೇಕು.

ಪ್ರತಿ ಕಾರ್ಡನ್ನೂ ಕಣ್ಣಿಟ್ಟು ನೋಡುತ್ತಿದ್ದ ಜೆ.ಸಿ. ಈ ಅಚ್ಚುಹಾಕಿದಂಥ ಕಥೆಗಳಿಗೆಲ್ಲ ಒಪ್ಪಿಗೆ ಕೊಡುತ್ತಿದ್ದರೇ? ಕಷ್ಟ. ಅಮಾಲ್‌ನ ತಾಯಿ ಕಳ್ಳತನಕ್ಕೆ ಕೈ ಚಾಚಿದ್ದಳು. ಅಲ್ಲಿ ಹಸಿವು ನಿಜವಾಗಿತ್ತು, ಹಾಗಾಗಿ ಅವಳು ಹಿಂದಿರುಗಿಸಿದ ಚಿನ್ನಕ್ಕೂ ಮಗ ಕೊಟ್ಟ ಊರುಗೋಲಿಗೂ ತೂಕವಿತ್ತು. ಇಂದಿನ ಸಿನಿಮಾಗಳ ಪುಟ್ಟ ಊರುಗಳಲ್ಲಿ ಯಾರೂ ಅಷ್ಟು ಹಸಿದಿರುವುದಿಲ್ಲ.

ಆದರೂ ಜನ ನೋಡುತ್ತಾರೆ. ಕೆಲಸಕ್ಕೆಂದು ದೂರದ ಊರಿನಲ್ಲಿದ್ದು, ಹಬ್ಬಕ್ಕೆ ರಜೆ ಸಿಗದೆ ಮನೆಗೆ ವಿಡಿಯೋ ಕಾಲ್ ಮಾಡಿದವರಿಗೆ ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಮುಗಿಯುವ ಹೊತ್ತಿಗೆ ಎಲ್ಲರೂ ಒಂದೇ ಮನೆಯಲ್ಲಿ ಊಟಕ್ಕೆ ಕುಳಿತಿರುತ್ತಾರೆ ಎಂಬ ಖಾತ್ರಿ ಬೇಕಿರುತ್ತದೆ. ಅಪ್ಪ ಹೊರಟುಹೋದ ಮನೆಯಲ್ಲಿ ಬೆಳೆದು ಎಂಟನೇ ವಯಸ್ಸಿಗೇ ಸೋಪು ಮಾರಿದ ಹುಡುಗನಿಗೆ ಆ ಖಾತ್ರಿಯ ಬೆಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.