ಕರ್ನಾಟಕದ ಗಾಂಧಿ ಹರ್ಡೇಕರ ಮಂಜಪ್ಪನವರು

ಶರಣಧರ್ಮವನ್ನೂ ದೇಶಸೇವೆಯನ್ನೂ ಬೇರೆಬೇರೆಯೆಂದು ಬಗೆಯದೆ, ಎರಡನ್ನೂ ಒಂದೇ ವ್ರತವಾಗಿ ನಡೆಸಿದ ಮಹನೀಯರಲ್ಲಿ ಶ್ರೀ ಹರ್ಡೇಕರ ಮಂಜಪ್ಪನವರು ಅಗ್ರಗಣ್ಯರು. ನಾಡವರು ಅವರನ್ನು ಕರ್ನಾಟಕದ ಗಾಂಧಿಯೆಂದು ಆದರಿಸಿದರು.

1886ರಲ್ಲಿ ಬನವಾಸಿಯ ಬಡ ಮನೆತನದಲ್ಲಿ ಜನ್ಮವೆತ್ತಿದ ಶ್ರೀಯುತರು ಮೊದಲು ಶಿರಸಿಯಲ್ಲಿ ಉಪಾಧ್ಯಾಯರಾಗಿದ್ದರು. ವಂಗಭಂಗದ ತರುವಾಯ ಎದ್ದ ಸ್ವದೇಶೀ ಚಳವಳಿಯೂ ಲೋಕಮಾನ್ಯ ತಿಲಕರ ಪ್ರಭಾವವೂ ಅವರ ಮನವನ್ನು ಸೆಳೆದವು. ಜೀವನಾಧಾರವಾಗಿದ್ದ ನೌಕರಿಯನ್ನು ತ್ಯಜಿಸಿ, 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದರು. ವಿವಾಹವನ್ನೊಲ್ಲದೆ, ನಾಡನ್ನೇ ಮನೆಯೆಂದು ಭಾವಿಸಿದರು.

1913ರಲ್ಲಿ ದಾವಣಗೆರೆ ವಿರಕ್ತಮಠದ ಶ್ರೀ ಮೃತ್ಯುಂಜಯ ಸ್ವಾಮಿಗಳವರೊಡಗೂಡಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದರು. ಅರಸೀಕೆರೆ, ಬೇಲೂರು, ಹಳೇಬೀಡು ಪ್ರಾಂತದ ಭಕ್ತರು ವರ್ಷವರ್ಷವೂ ಆಚರಿಸುವ ಜಯಂತಿಗೆ ಆ ದಿನವೇ ಮೊದಲು.

ಮುಂದೆ ಮಹಾತ್ಮಾ ಗಾಂಧಿಯವರ ಸತ್ಯಾಗ್ರಹ ತತ್ತ್ವಕ್ಕೆ ಮನಸೋತು, ಖಾದಿಯನ್ನುಟ್ಟು ಊರೂರು ಸಂಚರಿಸಿ ಸ್ವದೇಶೀ ವ್ರತವನ್ನು ಬೋಧಿಸಿದರು. ಬಸವಣ್ಣನವರ ಕಾಯಕದಲ್ಲಿಯೂ ಗಾಂಧೀಜಿಯವರ ಶ್ರಮಧರ್ಮದಲ್ಲಿಯೂ ಅವರು ಕಂಡದ್ದು ಒಂದೇ ತಿರುಳನ್ನು. ಆ ತಿರುಳನ್ನು ಎಳೆಯರಿಗೆ ನಡೆಯಿಂದಲೇ ಕಲಿಸಲೆಂದು 1927ರಲ್ಲಿ ಕೃಷ್ಣಾತೀರದ ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದರು. ದುಡಿಮೆಯೂ ಓದೂ ಅಲ್ಲಿ ಜೊತೆಜೊತೆಯಾಗಿ ಸಾಗಿದವು.

ದೇಶವು ಸ್ವತಂತ್ರವಾಗಲು ಏಳೆಂಟು ತಿಂಗಳಿರುವಾಗಲೇ, 1947ರ ಜನವರಿ 3ರಂದು ಶ್ರೀಯುತರು ಲಿಂಗೈಕ್ಯರಾದರು. ನೆಟ್ಟ ಮರದ ಫಲವನ್ನು ತಾವು ಸವಿಯಲಿಲ್ಲ. ಅದನ್ನು ಬಯಸಿ ನೆಟ್ಟವರೂ ಅವರಲ್ಲ. ಜಯಂತಿಯ ಮೆರವಣಿಗೆ ಮುಗಿದ ಮರುದಿನ ನಾವು ಹಿಡಿಯುವ ಕಾಯಕವೇ ಅಂಥವರಿಗೆ ಸಲ್ಲುವ ನಿಜವಾದ ಸ್ಮರಣೆ.