ಆರು ವಾರದ ನಮ್ಮ ಎಂಪಿ ಮತ್ತು ಅವರು ಹಾಕಿದ ಒಂದು ಓಟು

ನಮ್ಮಜ್ಜಿ ಓಟು ಹಾಕಿದ್ದು ಇಂದಿರಾ ಗಾಂಧಿಯವರಿಗೇ. ಪಕ್ಷಕ್ಕೆ ಓಟು ಒತ್ತಿ, ಇಂದಿರಮ್ಮನಿಗೆ ಹಾಕಿದೆ ಅನ್ನೋರು ಆ ಕಾಲದಲ್ಲಿ ದೇಶದ ತುಂಬ ಇದ್ದರು. ಕಡೂರು, ತರೀಕೆರೆ, ಅಜ್ಜಂಪುರದವರ ಕಥೆ ಬೇರೆ. 1978ರ ನವೆಂಬರ್‌ನಲ್ಲಿ ಇವರ ಕೈಗೆ ಬಂದ ಬ್ಯಾಲೆಟ್ ಪೇಪರಿನಲ್ಲೇ ಅವರ ಹೆಸರಿತ್ತು.

ಆ ಉಪಚುನಾವಣೆಯ ಬಗ್ಗೆ ಕೇಳಿದರೆ ನಮ್ಮ ಕಡೆಯ ಹಿರಿಯರು ಮೂರು ವಿಷಯ ಹೇಳ್ತಾರೆ. ಜನ ಸೇರಿದ್ದು, ಜೀಪುಗಳು ಓಡಾಡಿದ್ದು, ಇಂದಿರಮ್ಮನನ್ನು ಸಿಂಹಿಣಿಗೂ ಎದುರಾಳಿಗಳನ್ನು ಮುಸಿಯಗಳಿಗೂ ಹೋಲಿಸಿದ ಘೋಷಣೆ. ಅವರು ಗೆದ್ದು ದೆಹಲಿಗೆ ಹೋಗಿ ನಮ್ಮ ಎಂಪಿಯಾಗಿ ಏನು ಮಾಡಿದರು ಅಂತ ಕೇಳಿದರೆ ಮಾತು ನಿಂತುಹೋಗುತ್ತೆ. ನಾನು ಇಂಜಿನಿಯರಿಂಗ್ ಓದಿದವನು, ಅಟೆಂಡೆನ್ಸ್ ಶಾರ್ಟೇಜ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಆ ಲೆಕ್ಕದಲ್ಲಿ ನೋಡಿದರೆ ಇಂದಿರಾ ನಮ್ಮ ಕ್ಷೇತ್ರದ ಅತಿ ದುರ್ಬಲ ಸಂಸದೆ. ಗೆದ್ದ ಮೇಲೆ ಆರು ವಾರಕ್ಕೆ ಸದಸ್ಯತ್ವವೇ ಹೋಯಿತು. ಆದರೆ ಆ ಆರು ವಾರದೊಳಗೆ ಅವರು ಹಾಕಿದ ಒಂದು ಓಟಿದೆ. ಅವರ ಅಭಿಮಾನಿಗಳು ಅದನ್ನು ನೆನೆಸಿಕೊಳ್ಳಲ್ಲ, ವಿರೋಧಿಗಳಿಗಂತೂ ಅದು ಬೇಡವೇ ಬೇಡ.

ಮೊದಲು ಅವರು ನಮ್ಮಲ್ಲಿಗೆ ಬಂದ ದಾರಿ ನೋಡೋಣ.

1917ರ ನವೆಂಬರ್ 19ರಂದು ಅಲಹಾಬಾದಿನಲ್ಲಿ ಹುಟ್ಟಿದ ನೆಹರೂ ಅವರ ಒಬ್ಬಳೇ ಮಗಳು. 1959ರಲ್ಲಿ ಕಾಂಗ್ರೆಸ್ ಅಧ್ಯಕ್ಷೆ. ಕೇರಳದ ಇಎಂಎಸ್ ಸರ್ಕಾರವನ್ನು ಕೇಂದ್ರ ವಜಾ ಮಾಡಿದ್ದು ಅದೇ ವರ್ಷ, ಅದಕ್ಕೆ ಒತ್ತಡ ಹೇರಿದವರಲ್ಲಿ ಇವರೂ ಇದ್ದರು. ಜನ ಆರಿಸಿದ ಸರ್ಕಾರವನ್ನು ಮೇಲಿಂದ ಕಿತ್ತುಹಾಕಬಹುದು ಅನ್ನೋ ಪಾಠ ಅಲ್ಲೇ ಕಲಿತರು ಅಂತ ನನಗನಿಸುತ್ತೆ. 1964ರಲ್ಲಿ ರಾಜ್ಯಸಭೆ, 1966ರ ಜನವರಿಯಲ್ಲಿ ಪ್ರಧಾನಿ, 1967ರಲ್ಲಿ ರಾಯ್‌ಬರೇಲಿಯಿಂದ ಲೋಕಸಭೆ.

ಸಂಸತ್ತಿನ ಲೆಕ್ಕ ಇಂದಿರಾಗೆ ಬಾಯಿಪಾಠ ಆಗಿತ್ತು. 1969ರ ಜುಲೈನಲ್ಲಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಮುಂದಿನ ವರ್ಷ ರಾಜರ ರಾಜಧನ ರದ್ದು ಮಾಡುವ ಮಸೂದೆ ಲೋಕಸಭೆಯಲ್ಲಿ ಗೆದ್ದು ರಾಜ್ಯಸಭೆಯಲ್ಲಿ ಬಿತ್ತು, ಅದೂ ಒಂದು ಮತಕ್ಕಿಂತ ಕಡಿಮೆ ಅಂತರದಲ್ಲಿ. ಮೂರನೇ ಎರಡರಷ್ಟು ಅಂತ ಲೆಕ್ಕ ಹಾಕಿದಾಗ ಭಿನ್ನಾಂಕ ಬರುತ್ತಲ್ಲ, ಹಾಗೆ. 1971ರಲ್ಲಿ ದೊಡ್ಡ ಬಹುಮತ ತಗೊಂಡು ಬಂದು ಅದನ್ನೇ 26ನೇ ತಿದ್ದುಪಡಿಯಾಗಿ ಪಾಸ್ ಮಾಡಿಸಿದರು.

ಆಮೇಲಿನದು ನಿಮಗೆ ಗೊತ್ತಿರುವ ಕಥೆ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಅವರ ಆಯ್ಕೆಯನ್ನು ಅಸಿಂಧು ಅಂದಿತು, ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಆಗ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅಲ್ಲೇ ಜೈಲು ಸೇರಿದರು. ಅದೇ ಬೆಂಗಳೂರಿನ ಜೈಲಿನಲ್ಲಿ ಕಾಯಿಲೆ ಬಿದ್ದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಬೆನ್ನಲ್ಲೇ 1977ರ ಜನವರಿಯಲ್ಲಿ ತೀರಿಕೊಂಡರು. ತುರ್ತುಪರಿಸ್ಥಿತಿಯಲ್ಲಿ ಬದುಕುವ ಹಕ್ಕನ್ನೂ ಕೋರ್ಟಿನಲ್ಲಿ ಕೇಳುವ ಹಾಗಿಲ್ಲ ಅಂತ ಸರ್ಕಾರ ವಾದಿಸಿತು, ಸುಪ್ರೀಂ ಕೋರ್ಟ್ 1976ರಲ್ಲಿ ಒಪ್ಪಿಕೊಂಡಿತು. ವಿರೋಧಿಗಳು ಜೈಲಿನಲ್ಲಿರುವಾಗಲೇ 42ನೇ ತಿದ್ದುಪಡಿ ಬಂತು. ಲೋಕಸಭೆಯ ಅವಧಿ ಐದರಿಂದ ಆರು ವರ್ಷವಾಯಿತು. ಸಂವಿಧಾನ ತಿದ್ದುಪಡಿಯನ್ನು ಯಾವ ಕೋರ್ಟೂ ಪ್ರಶ್ನಿಸಬಾರದು ಅಂತಾಯಿತು.

ಹಳ್ಳಿಯಲ್ಲಿ ಇದು ಕಂಡಿದ್ದೇ ಬೇರೆ ರೀತಿ. ಅಜ್ಜಿಯ ತಮ್ಮ ಪ್ರೈಮರಿ ಶಾಲೆ ಮೇಷ್ಟ್ರು. ಆಪರೇಷನ್ನಿಗೆ ಇಷ್ಟು ಜನರನ್ನು ಕರ್ಕೊಂಡು ಬಾ ಅಂತ ಮೇಲಿನವರು ಹೇಳಿದ್ದಕ್ಕೆ ಊರಿನವರ ಮನೆ ಬಾಗಿಲು ಕಾಯ್ತಾ ಕೂತಿದ್ದರಂತೆ. ಅದೇ ಕಾಲಕ್ಕೆ ಅಜ್ಜಿಯ ಮನೆಯವರು ಗೇಣಿಗೆ ಮಾಡ್ತಿದ್ದ ಜಮೀನಿಗೆ ಫಾರಂ ನಂಬರ್ 7 ಹಾಕಿ, ಭೂ ನ್ಯಾಯಮಂಡಳಿಯಲ್ಲಿ ಗೆದ್ದು ಒಡೆಯರಾದರು. ಆ ಕಾನೂನು ದೇವರಾಜ ಅರಸು ಸರ್ಕಾರದ್ದು, ವಿಧಾನಸಭೆಯಲ್ಲಿ ಆಗಿದ್ದು. ಅಜ್ಜಿಗೆ ಈ ವ್ಯತ್ಯಾಸ ಬೇಕಾಗಿರಲಿಲ್ಲ. ಜಮೀನು ಕೊಟ್ಟಿದ್ದು ಇಂದಿರಮ್ಮ, ಆಪರೇಷನ್ ಮಾಡಿಸಿದ್ದು ಆಫೀಸರು. ಅವರ ಲೆಕ್ಕ ಅಷ್ಟೇ ಸರಳ.

ಈ ಲೆಕ್ಕ ನಮ್ಮಜ್ಜಿ ಒಬ್ಬರದ್ದೇ ಆಗಿರಲಿಲ್ಲ. 1977ರ ಮಾರ್ಚ್‌ನಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿಹೋಯಿತು. ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಇಂದಿರಾ ಅವರೇ 55 ಸಾವಿರ ಮತಗಳಿಂದ ಸೋತರು. ಅದೇ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಬಂತು. 1978ರ ಫೆಬ್ರವರಿಯಲ್ಲಿ ಅರಸು ನೇತೃತ್ವದ ಇಂದಿರಾ ಕಾಂಗ್ರೆಸ್ ವಿಧಾನಸಭೆಯ 224ರಲ್ಲಿ 149 ಗೆದ್ದಿತು. ದೇಶದಲ್ಲೆಲ್ಲ ಸುರಕ್ಷಿತ ಕ್ಷೇತ್ರ ಹುಡುಕುತ್ತಿದ್ದವರ ಕಣ್ಣು ನಮ್ಮ ಜಿಲ್ಲೆಯ ಮೇಲೆ ಬಿದ್ದಿದ್ದು ಸಹಜ. ಚಿಕ್ಕಮಗಳೂರು ಸಂಸದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಜಾಗ ಮಾಡಿಕೊಟ್ಟರು. ಎದುರಿಗೆ ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಅವರ ಪ್ರಚಾರದ ಸೂತ್ರ ಹಿಡಿದಿದ್ದು ಜಾರ್ಜ್ ಫರ್ನಾಂಡಿಸ್. ಇಂದಿರಾ 77 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. (ವೀರೇಂದ್ರ ಪಾಟೀಲರು ಆಮೇಲೆ ಇಂದಿರಾ ಪಕ್ಷಕ್ಕೇ ಹೋಗಿ ಅವರ ಸಂಪುಟದಲ್ಲೇ ಮಂತ್ರಿಯಾದರು. ಪಕ್ಷಾಂತರ ಈಗಿನ ಕಾಲದ ಕಾಯಿಲೆ ಅಂದುಕೊಂಡವರು ಗಮನಿಸಿ.)

61ನೇ ಹುಟ್ಟುಹಬ್ಬದ ಆಸುಪಾಸಿನಲ್ಲಿ ಲೋಕಸಭೆಗೆ ವಾಪಸಾದರು. ಅಲ್ಲಿ ಅವರಿಗಾಗಿ ಎರಡು ವಿಷಯ ಕಾದಿದ್ದವು. ಒಂದು ಹಕ್ಕುಚ್ಯುತಿ ಸಮಿತಿಯ ವರದಿ. ಇನ್ನೊಂದು 44ನೇ ತಿದ್ದುಪಡಿ.

ಎರಡನೆಯದು ಅವರ 42ನೇ ತಿದ್ದುಪಡಿಯನ್ನು ಬಿಚ್ಚಿಹಾಕಲು ಜನತಾ ಸರ್ಕಾರ ತಂದಿದ್ದು. ಆಂತರಿಕ ಗಲಭೆ ಅನ್ನೋ ನೆಪ ಹೇಳಿ ತುರ್ತುಪರಿಸ್ಥಿತಿ ಹೇರುವ ಹಾಗಿಲ್ಲ, ಸಶಸ್ತ್ರ ಬಂಡಾಯವೇ ಇರಬೇಕು. ಸಂಪುಟ ಲಿಖಿತವಾಗಿ ಸಲಹೆ ಕೊಟ್ಟರಷ್ಟೇ ರಾಷ್ಟ್ರಪತಿ ಸಹಿ ಹಾಕಬಹುದು, ಒಂದು ತಿಂಗಳೊಳಗೆ ಸಂಸತ್ತು ವಿಶೇಷ ಬಹುಮತದಿಂದ ಒಪ್ಪಬೇಕು. 20 ಮತ್ತು 21ನೇ ವಿಧಿಯ ಹಕ್ಕುಗಳನ್ನು, ಅಂದರೆ ಬದುಕುವ ಹಕ್ಕನ್ನು, ತುರ್ತುಪರಿಸ್ಥಿತಿಯಲ್ಲೂ ಅಮಾನತು ಮಾಡುವ ಹಾಗಿಲ್ಲ. ಲೋಕಸಭೆಯ ಅವಧಿ ಮತ್ತೆ ಐದು ವರ್ಷ. ಆಸ್ತಿ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಗೆ. ಈ ಮಸೂದೆ ಆಗಸ್ಟ್‌ನಲ್ಲೇ ಲೋಕಸಭೆ ದಾಟಿತ್ತು. ಕಾಂಗ್ರೆಸ್ಸಿನ ಬಲ ಹೆಚ್ಚಿದ್ದ ರಾಜ್ಯಸಭೆ ಅದರ ಐದು ಕಲಂಗಳನ್ನು ಕಿತ್ತು ವಾಪಸ್ ಕಳಿಸಿತು. ಸಂವಿಧಾನದ ಮೂಲ ಲಕ್ಷಣ ಬದಲಿಸಬೇಕಾದರೆ ಜನಮತ ಸಂಗ್ರಹ ಆಗಬೇಕು ಅನ್ನೋ ಕಲಂ ಕೂಡ ಹಾಗೆ ಬಿದ್ದುಹೋಯಿತು. ಉಳಿದ ಮಸೂದೆ ಡಿಸೆಂಬರ್ ಮೊದಲ ಭಾಗದಲ್ಲಿ ಮತ್ತೆ ಲೋಕಸಭೆಗೆ ಬಂದಾಗ ಸದನದಲ್ಲಿ ನಮ್ಮ ಎಂಪಿ ಇದ್ದರು. ಪರವಾಗಿ ಓಟು ಹಾಕಿದರು.

ಕಡೂರು, ತರೀಕೆರೆ, ಅಜ್ಜಂಪುರದ ಪ್ರತಿನಿಧಿಯಾಗಿ ಇಂದಿರಾ ಗಾಂಧಿ ತಾವೇ ಕಟ್ಟಿದ ಗೋಡೆಯ ಇಟ್ಟಿಗೆ ಕೀಳಲು ಕೈ ಹಾಕಿದರು.

ಈ ಓಟು ಯಾಕೆ ಮುಖ್ಯ ಅಂದರೆ, ನಮ್ಮ ಸಂಸತ್ತಿನಲ್ಲಿ ಒಬ್ಬ ಎಂಪಿ ಯಾವುದರ ಪರ ಇದ್ದ ಅಂತ ಹುಡುಕೋದೇ ಕಷ್ಟ. ಬಹುತೇಕ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಕೂಗಿದವರ ಹೆಸರು ಯಾರೂ ಬರೆದುಕೊಳ್ಳಲ್ಲ. ನಮ್ಮ ಎಂಪಿಗಳ ರಿಪೋರ್ಟ್ ಕಾರ್ಡ್ ಅಂತ ನಾವು ವಾಟ್ಸಾಪಿನಲ್ಲಿ ಹಂಚಿಕೊಳ್ಳುವುದರಲ್ಲಿ ಹಾಜರಾತಿ ಇರುತ್ತೆ, ಕೇಳಿದ ಪ್ರಶ್ನೆಗಳ ಸಂಖ್ಯೆ ಇರುತ್ತೆ, ಓಟು ಇರಲ್ಲ. ಸಂವಿಧಾನ ತಿದ್ದುಪಡಿ ಮಾತ್ರ ಹಾಗಲ್ಲ. ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೇಕಾದ್ದರಿಂದ ಎಣಿಸಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿ ಮಸೂದೆಗೆ 454 ಪರ, 2 ವಿರುದ್ಧ ಅಂತ ನಮಗೆ ಗೊತ್ತಾಗಿದ್ದು ಅದಕ್ಕೇ. ಇನ್ನೂ ಒಂದು ಮಾತು: 1978ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇರಲಿಲ್ಲ, ಅದು ಬಂದಿದ್ದು 1985ರಲ್ಲಿ. ವಿಪ್ ಮೀರಿದರೆ ಸದಸ್ಯತ್ವ ಹೋಗುತ್ತೆ ಅನ್ನೋ ಭಯ ಆಗ ಯಾರಿಗೂ ಇರಲಿಲ್ಲ. ಇಂದಿರಾಗೆ ವಿಪ್ ಕೊಡುವವರಾದರೂ ಯಾರು ಬಿಡಿ.

ಅದು ಪಶ್ಚಾತ್ತಾಪವೋ ಲೆಕ್ಕಾಚಾರವೋ? ನನ್ನ ಓಟು ಲೆಕ್ಕಾಚಾರದ ಕಡೆಗೆ. ಮತ್ತೆ ಅಧಿಕಾರಕ್ಕೆ ಬರಬೇಕಾದವರು ತುರ್ತುಪರಿಸ್ಥಿತಿಯ ಹಣೆಪಟ್ಟಿ ಹೊತ್ತುಕೊಂಡು ಓಡಾಡಲು ಆಗಲ್ಲ. ಹಾಗಿದ್ದರೂ ಓಟು ಓಟೇ. ಇವತ್ತು ಯಾವ ಸರ್ಕಾರವೇ ಇರಲಿ, ನಿಮ್ಮ ಬದುಕುವ ಹಕ್ಕನ್ನು ಒಂದು ಆದೇಶದಿಂದ ತಡೆಹಿಡಿಯಲು ಆಗದಿರುವುದಕ್ಕೆ ಕಾರಣ ಅವತ್ತಿನ ಎಣಿಕೆ.

ಆಮೇಲೆ ಎರಡು ವಾರವೂ ಕಳೆಯಲಿಲ್ಲ. ಅವರು ಪ್ರಧಾನಿಯಾಗಿದ್ದಾಗ ಮಾರುತಿ ಕಂಪನಿ ಬಗ್ಗೆ ಸದನದಲ್ಲಿ ಕೇಳಿದ ಪ್ರಶ್ನೆಗೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿ, ಕಿರುಕುಳ ಕೊಡಿಸಿದರು ಅಂತ ಸಮಿತಿ ಹೇಳಿತ್ತು. ಆರೋಪ ಸಣ್ಣದಲ್ಲ. ಆದರೆ ಶಿಕ್ಷೆ ನೋಡಿ. ಡಿಸೆಂಬರ್ 19ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಮಂಡಿಸಿದ ನಿರ್ಣಯಕ್ಕೆ 279 ಪರ, 138 ವಿರುದ್ಧ, 37 ತಟಸ್ಥ. ಸದನದಿಂದ ಉಚ್ಚಾಟನೆ, ಅಧಿವೇಶನ ಮುಗಿಯುವ ತನಕ ಜೈಲು. ತಿಹಾರಿನಲ್ಲಿ ಒಂದು ವಾರ ಇದ್ದು ಬಂದರು. ಮರುದಿನವೇ ಅವರ ಬಿಡುಗಡೆಗೆ ಒತ್ತಾಯಿಸಿ ಇಬ್ಬರು ಯುವಕರು ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನೇ ಅಪಹರಿಸಿದರು. ಇಬ್ಬರೂ ಆಮೇಲೆ ಉತ್ತರ ಪ್ರದೇಶದಲ್ಲಿ ಕಾಂಗ್ರೆಸ್ ಶಾಸಕರಾದರು.

ನನಗೆ ಸಿಟ್ಟು ಬರುವುದು ಇಲ್ಲಿ. ತುರ್ತುಪರಿಸ್ಥಿತಿಯ ತಪ್ಪುಗಳಿಗೆ ವಿಚಾರಣೆ ಕೋರ್ಟಿನಲ್ಲಿ ಆಗಬೇಕಿತ್ತು. ಅದರ ಬದಲು ಬಹುಮತ ಇದ್ದವರು ಸದನದಲ್ಲೇ ನ್ಯಾಯಾಧೀಶರಾದರು. ಓಟು ಹಾಕಿ ಎರಡು ತಿಂಗಳೂ ಆಗದ ನಮ್ಮ ಜನಕ್ಕೆ ಪ್ರತಿನಿಧಿಯೇ ಇಲ್ಲವಾಯಿತು, ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. 2005ರಲ್ಲಿ ಪ್ರಶ್ನೆಗಾಗಿ ಲಂಚ ಪ್ರಕರಣದಲ್ಲಿ 11 ಸಂಸದರನ್ನು ಹೊರಹಾಕಿದಾಗ, 2023ರ ಡಿಸೆಂಬರ್‌ನಲ್ಲಿ ಮಹುವಾ ಮೊಯಿತ್ರಾ ಅವರನ್ನು ಹೊರಹಾಕಿದಾಗ, ಪರ ವಿರುದ್ಧ ವಾದಿಸಿದವರಿಗೆ 1978 ಒಂದು ಉದಾಹರಣೆ ಆಗಿತ್ತು. ನಮ್ಮ ಕಡೆಯವರಿಗೆ ಅದು ವ್ಯರ್ಥವಾದ ಓಟು.

1980ರ ಜನವರಿಯಲ್ಲಿ ಇಂದಿರಾ ರಾಯ್‌ಬರೇಲಿ ಮತ್ತು ಮೇದಕ್‌ನಿಂದ ನಿಂತು ಎರಡೂ ಕಡೆ ಗೆದ್ದು, ಮೇದಕ್ ಇಟ್ಟುಕೊಂಡರು. ಕಷ್ಟಕಾಲದಲ್ಲಿ ಕೈಹಿಡಿದ ಚಿಕ್ಕಮಗಳೂರಿಗೆ ಮತ್ತೆ ಅಭ್ಯರ್ಥಿಯಾಗಿ ಬರಲಿಲ್ಲ. ಇಪ್ಪತ್ತು ವರ್ಷದ ನಂತರ ಬಳ್ಳಾರಿಯವರಿಗೂ ಸೋನಿಯಾ ಗಾಂಧಿಯವರಿಂದ ಇದೇ ಅನುಭವ ಆಯಿತು. ಅರಸು ಅಷ್ಟರಲ್ಲೇ ಇಂದಿರಾ ಜೊತೆ ಮುರಿದುಕೊಂಡಿದ್ದರು.

ಭಾರೀ ಬಹುಮತದ ಪ್ರಧಾನಿಯಾಗಿ ಅವರು 44ನೇ ತಿದ್ದುಪಡಿಯನ್ನು ರದ್ದು ಮಾಡಲು ಹೋಗಲಿಲ್ಲ. ಅದು ಅವರ ಖಾತೆಗೆ ಸೇರಬೇಕಾದ ಮಾತು. ಅದೇ ಖಾತೆಯ ಇನ್ನೊಂದು ಬದಿಯೂ ಇದೆ. ಆ ತಿದ್ದುಪಡಿಯಲ್ಲಿ 22ನೇ ವಿಧಿಗೆ ಸಂಬಂಧಿಸಿದ ಒಂದು ಕಲಂ ಇತ್ತು: ಮುನ್ನೆಚ್ಚರಿಕೆ ಬಂಧನದಲ್ಲಿ ಯಾರನ್ನೇ ಆಗಲಿ ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಇಡಬಹುದಾದ ಅವಧಿ ಮೂರರಿಂದ ಎರಡು ತಿಂಗಳಿಗೆ ಇಳಿಯಬೇಕು, ಆ ಮಂಡಳಿಯ ಅಧ್ಯಕ್ಷರು ಹಾಲಿ ಹೈಕೋರ್ಟ್ ನ್ಯಾಯಮೂರ್ತಿಯೇ ಆಗಿರಬೇಕು. ಇದು ಜಾರಿಗೆ ಬರಲು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿದ್ದರೆ ಸಾಕಿತ್ತು. ಜನತಾ ಸರ್ಕಾರ ಹೊರಡಿಸುವ ಮೊದಲೇ ಬಿದ್ದುಹೋಯಿತು. ಪರವಾಗಿ ಓಟು ಹಾಕಿದ್ದ ಇಂದಿರಾ ಹೊರಡಿಸಲಿಲ್ಲ, 1980ರಲ್ಲೇ ರಾಷ್ಟ್ರೀಯ ಭದ್ರತಾ ಕಾಯ್ದೆ ತಂದರು. ಅವರ ನಂತರ ಬಂದ ಎಲ್ಲ ಪಕ್ಷದವರಿಗೂ, ಅವತ್ತು ಜೈಲಿನಲ್ಲಿದ್ದು ಬಂದವರಿಗೂ ಸೇರಿದಂತೆ, ಆ ಅಧಿಸೂಚನೆ ಬೇಕಾಗಲಿಲ್ಲ. ಇವತ್ತಿಗೂ ಆ ಕಲಂ ಪುಸ್ತಕದಲ್ಲಷ್ಟೇ ಇದೆ. ಎನ್‌ಎಸ್‌ಎ ಅಡಿ ಒಬ್ಬರನ್ನು ಆರೋಪಪಟ್ಟಿ ಇಲ್ಲದೆ ಹನ್ನೆರಡು ತಿಂಗಳವರೆಗೂ ಒಳಗಿಡಬಹುದು. ಕ್ಯಾಂಪಸ್ಸಿನಿಂದ ಹೊರಬಂದು ಮೊದಲ ಪ್ರತಿಭಟನೆಗೆ ಹೋಗುವವರು ಈ ಒಂದು ಕಲಂ ಓದಿಕೊಂಡಿರುವುದು ಒಳ್ಳೆಯದು.

1981ರ ಮೇ 7ರಂದು ಹೊಸ ಲೋಕಸಭೆ ಹಳೆಯ ಉಚ್ಚಾಟನೆಯ ನಿರ್ಣಯವನ್ನು ರದ್ದು ಮಾಡಿತು. ದಾಖಲೆಯಲ್ಲಿ ಅವರ ಕಳಂಕ ಅಳಿಸಿತು. ಅಷ್ಟೊತ್ತಿಗೆ ಅವರು ಮೇದಕ್‌ನ ಎಂಪಿ. 1984ರ ಅಕ್ಟೋಬರ್ 31ರಂದು ಅವರ ಹತ್ಯೆಯಾದ ಸುದ್ದಿ ರೇಡಿಯೋದಲ್ಲಿ ಬಂದಾಗ ನಮ್ಮಜ್ಜಿ ಮನೆಯಲ್ಲಿ ಒಲೆ ಹಚ್ಚಲಿಲ್ಲವಂತೆ.

ಹೋದ ವರ್ಷ ಊರಿಗೆ ಹೋದಾಗ ಆ ಡಿಸೆಂಬರ್ ಓಟಿನ ವಿಷಯ ಅಜ್ಜಿಗೆ ಹೇಳಿದೆ. ತಾನು ಮಾಡಿದ್ದನ್ನು ತಾನೇ ತಪ್ಪು ಅಂತ ಒಪ್ಪಿಕೊಂಡಳಾ ಅಂತ ಕೇಳಿದರು. ಬಾಯಿಬಿಟ್ಟು ಹೇಳಲಿಲ್ಲ, ಓಟು ಮಾತ್ರ ಹಾಕಿದರು ಅಂದೆ. ಹಾಗಾದರೆ ಆಮೇಲೆ ಅಧಿಕಾರ ಸಿಕ್ಕಾಗ ಪೂರ್ತಿ ಮಾಡಿದಳಾ ಅಂದರು. 22ನೇ ವಿಧಿಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈಗಿನ ನಮ್ಮ ಎಂಪಿ ಯಾರು ಅಂತ ಕೇಳಿದರು. 2008ರ ಕ್ಷೇತ್ರ ವಿಂಗಡಣೆ ಆದ ಮೇಲೆ ಕಡೂರು ಹಾಸನಕ್ಕೆ ಹೋಗಿದೆ, ತರೀಕೆರೆ ಅಜ್ಜಂಪುರ ಉಡುಪಿ-ಚಿಕ್ಕಮಗಳೂರಿಗೆ ಸೇರಿವೆ, ಒಬ್ಬರಲ್ಲ ಇಬ್ಬರಿದ್ದಾರೆ ಅಂತ ಹೆಸರು ಹೇಳಿದೆ. ಅವರು ಯಾವುದಕ್ಕೆ ಓಟು ಹಾಕಿದ್ದಾರೆ ಅಂತ ಅಜ್ಜಿ ಕೇಳಿದರು. ಫೋನ್ ತೆಗೆದು ಹುಡುಕಿದೆ. ಹಾಜರಾತಿ ಸಿಕ್ಕಿತು.